ಮಣ್ಣಾಗುವೆನೆಂದ ಲೋಟ

ಹೋದ ಮಳೆಗಾಲದಲ್ಲಿ ತೆಂಗಿನ ಸಸಿಯೊಂದನ್ನು ನೆಡೋಣವೆಂದು ಬಂಗಾರಪೇಟೆಯ ನಮ್ಮ ಮನೆಯ ಹಿತ್ತಿಲನ್ನು ಅಗೆಯುತ್ತಿದ್ದೆ. ಒಂದು ಮೊಳವೂ ಅಗೆದಿರಲಿಲ್ಲ, ಹಾರೆಗೆ ಏನೋ ಸಿಕ್ಕಿ ಗರಕ್ಕೆಂದಿತು. ಕೈ ಹಾಕಿ ತೆಗೆದರೆ ಒಂದು ಲೋಟ. ಮಣ್ಣನ್ನು ಒರೆಸಿ ನೋಡಿದೆ. ಮೊದಲಿನ ಹೊಳಪು ಮಾಸಿತ್ತೆಂಬುದನ್ನು ಬಿಟ್ಟರೆ ಆಕಾರ ಕೆಟ್ಟಿರಲಿಲ್ಲ, ಅಂಚು ಮುಕ್ಕಾಗಿರಲಿಲ್ಲ. ಮೈಮೇಲೆ ಹಸುರು ಬಣ್ಣದಲ್ಲಿ ಅಚ್ಚಾಗಿದ್ದ ಎಲೆಯ ಚಿತ್ರವೂ, ಅದರ ಕೆಳಗೆ ಗಿಡದಿಂದ ಬಂದು ಮಣ್ಣಿಗೆ ಹೋಗುತ್ತೇನೆಂಬ ಅರ್ಥದ ಇಂಗ್ಲಿಷ್ ಮಾತೂ ಸ್ಪಷ್ಟವಾಗಿ ಓದುವಂತಿದ್ದುವು. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಒಟ್ಟು ಹದಿನೇಳು.

ಅವುಗಳನ್ನು ಹೂತವನು ನಾನೇ. ಹೂತು ಹದಿನಾಲ್ಕು ತಿಂಗಳಾಗಿತ್ತು. ಅದೇ ಗುಂಡಿಗೆ ಅದೇ ದಿನ ಮುತ್ತುಗದ ಎಲೆಗಳನ್ನೂ, ಹೂವಿನ ಹಾರಗಳನ್ನೂ, ಬಾಳೆಯ ಕಂಬದ ತುಂಡುಗಳನ್ನೂ ಹಾಕಿದ್ದೆ. ಅವುಗಳ ಸುಳಿವೇ ಇರಲಿಲ್ಲ. ಅವು ಇದ್ದ ಕಡೆ ಮಣ್ಣು ಕಪ್ಪಾಗಿ, ಮೆತ್ತಗೆ, ಎರೆಹುಳುಗಳಿಂದ ತುಂಬಿತ್ತು. ಆ ಕಪ್ಪು ಮಣ್ಣಿನ ನಡುವೆ ನನ್ನ ಲೋಟಗಳು, ಊಟ ಮುಗಿದ ಮೇಲೂ ಪಂಕ್ತಿಯಿಂದ ಏಳದ ಅತಿಥಿಗಳಂತೆ, ಕೂತಲ್ಲೇ ಕೂತಿದ್ದುವು.

ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ನಮ್ಮ ತಾಯಿ ಇದನ್ನೆಲ್ಲ ನೋಡುತ್ತಿದ್ದರು. "ಅಲ್ಲಪ್ಪಾ, ಇದು ಮಣ್ಣಾಗ್ತದೆ ಅಂತ ಅವತ್ತು ಎಲ್ಲರ ಹತ್ರಾನೂ ಹೇಳಿದ್ಯಲ್ಲ?" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಹೇಳಿದ್ದು ನಿಜ. ನಮ್ಮ ಗೃಹಪ್ರವೇಶಕ್ಕೆ ನೂರಿಪ್ಪತ್ತು ಜನ ಬಂದಿದ್ದರು. ಊಟಕ್ಕೆ ಮುತ್ತುಗದ ಎಲೆಯೇ ಆಗಬೇಕೆಂಬುದು ತಾಯಿಯವರ ಹಟ. ನೀರಿಗೆ, ಪಾನಕಕ್ಕೆ ಏನು ಮಾಡುವುದೆಂಬುದು ಮಾತ್ರ ನನ್ನ ಪಾಲಿಗೆ ಬಂತು. ಸ್ಟೀಲಿನ ಲೋಟಗಳನ್ನು ಬಾಡಿಗೆಗೆ ತಂದರೆ ತೊಳೆಯುವ ಕೈಗಳು ಬೇಕು. ಒಮ್ಮೆ ಬಳಸಿ ಎಸೆಯುವ ಮಾಮೂಲು ಪ್ಲಾಸ್ಟಿಕ್ ಲೋಟವನ್ನು ನಮ್ಮ ರಾಜ್ಯದಲ್ಲಿ ೨೦೧೬ರ ಮಾರ್ಚಿನಲ್ಲಿಯೂ, ದೇಶಕ್ಕೆಲ್ಲ ೨೦೨೨ರ ಜುಲೈ ಒಂದರಿಂದಲೂ ನಿಷೇಧಿಸಿದ್ದಾರೆ. ಕಾಗದದ ಲೋಟವೂ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ಕನ್ನೇ ಸವರಿಕೊಂಡಿರುತ್ತದೆ. ಹೀಗಿರಲು ಬೆಂಗಳೂರಿನ ಅಂಗಡಿಯೊಂದರಲ್ಲಿ ಗಿಡದಿಂದ ಮಾಡಿದ ಲೋಟಗಳು ಕಣ್ಣಿಗೆ ಬಿದ್ದುವು. ಬೆಲೆ ಎರಡರಷ್ಟು. ಕಾಲೇಜಿನಲ್ಲಿ ಪರಿಸರ ದಿನದಂದು ಭಾಷಣ ಮಾಡುವವನು ನಾನು. ಬೆಲೆಯನ್ನು ಲೆಕ್ಕಿಸದೆ ಇನ್ನೂರು ಕೊಂಡುತಂದೆ. ತಂದುದಷ್ಟೇ ಅಲ್ಲ, ಪಾನಕ ಕುಡಿಯುತ್ತಿದ್ದ ಬಂಧುಗಳ ನಡುವೆ ನಿಂತು ಈ ಲೋಟ ಜೋಳದಿಂದಲೋ ಕಬ್ಬಿನಿಂದಲೋ ಬಂದದ್ದೆಂದೂ, ಮಣ್ಣಿಗೆ ಹಾಕಿದರೆ ಮಣ್ಣಾಗುವುದೆಂದೂ ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮೇಷ್ಟರ ಚಾಳಿ, ವಾಚಕರು ಕ್ಷಮಿಸಬೇಕು. ಊಟವಾದ ಮೇಲೆ ಯಾರೋ ಆ ಲೋಟಕ್ಕೇ ಬಿಸಿ ಕಾಫಿಯನ್ನು ಸುರಿದರು. ಅದು ಸೊಂಟ ಮುರಿದವರ ಹಾಗೆ ಬಾಗಿ ಅರ್ಧ ಕಾಫಿಯನ್ನು ನಮ್ಮ ಭಾವನವರ ಪಂಚೆಯ ಮೇಲೆ ಚೆಲ್ಲಿತು. ಆಗಲೇ ನಾನು ಎಚ್ಚರಗೊಳ್ಳಬೇಕಾಗಿತ್ತು.

ಲೋಟ ಸಿಕ್ಕ ಮರುದಿನ ಅದನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋಗಿ, ರಸಾಯನಶಾಸ್ತ್ರದ ನನ್ನ ಮಿತ್ರರ ಮೇಜಿನ ಮೇಲಿಟ್ಟು, ಇದು ಏನು, ಏಕೆ ಹೀಗೆ ಎಂದು ಕೇಳಿದೆ. ಅವರು ಸಮಾಧಾನದ ಮನುಷ್ಯರು; ಕನ್ನಡ ಮೇಷ್ಟರಿಗೆ ಅರ್ಥವಾಗುವ ಹಾಗೆ ಹೇಳಿದರು.

ಜೋಳದ ಹಿಟ್ಟನ್ನೋ ಕಬ್ಬಿನ ಸಕ್ಕರೆಯನ್ನೋ ಒಂದು ಜಾತಿಯ ಸೂಕ್ಷ್ಮಜೀವಿಗಳಿಗೆ ಉಣಿಸಿದರೆ ಅವು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಕೊಡುತ್ತವೆ. ಇದೇನೂ ನಮಗೆ ಅಪರಿಚಿತವಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಮೊಸರಾಗುವುದು, ಮೂರು ದಿನ ಬಿಟ್ಟರೆ ಹುಳಿಯಾಗುವುದು ಇದೇ ಆಮ್ಲದ ಮಹಿಮೆ. ಸ್ವೀಡನ್ ದೇಶದ ಷೀಲೆ ಎಂಬಾತ ೧೭೮೦ರಲ್ಲಿ ಇದನ್ನು ಹುಳಿಹಾಲಿನಿಂದ ಬೇರ್ಪಡಿಸಿ ತೋರಿಸಿದ. ಈ ಆಮ್ಲದ ಅಣುಗಳನ್ನು ಹೂವಿನ ಸರದಂತೆ ಒಂದಕ್ಕೊಂದು ಕಟ್ಟಿದರೆ ಪಾಲಿಲ್ಯಾಕ್ಟಿಕ್ ಆಮ್ಲ. ವ್ಯಾಪಾರದವರ ಬಾಯಲ್ಲಿ ಪಿ.ಎಲ್.ಎ. ಕಟ್ಟುವ ಕೆಲಸ ಸುಲಭವಲ್ಲ. ಒಂದೊಂದು ಗಂಟು ಹಾಕುವಾಗಲೂ ಒಂದೊಂದು ನೀರಿನ ಅಣು ಹೊರಕ್ಕೆ ಬೀಳುತ್ತದೆ. ಆ ನೀರು ಅಲ್ಲಿಯೇ ಉಳಿದರೆ ಗಂಟು ಮತ್ತೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ಎರಡೆರಡು ಅಣುಗಳನ್ನು ಸೇರಿಸಿ ಉಂಗುರಗಳಾಗಿ ಮಾಡಿ, ಅವುಗಳನ್ನು ಶುದ್ಧಪಡಿಸಿ, ಆಮೇಲೆ ಉಂಗುರಗಳನ್ನು ಬಿಡಿಸಿ ಉದ್ದನೆಯ ಸರವಾಗಿ ಪೋಣಿಸುತ್ತಾರೆ. ಮುಂದೆ ನೈಲಾನಿನಿಂದ ಪ್ರಸಿದ್ಧನಾದ ಅಮೆರಿಕದ ಕರೋದರ್ಸ್ ೧೯೩೨ರಷ್ಟು ಹಿಂದೆಯೇ ಈ ದಾರಿಯಲ್ಲಿ ಕೆಲಸ ಮಾಡಿದ್ದನಂತೆ. ಲೆಕ್ಕದ ಪ್ರಕಾರ ಒಂದು ಕಿಲೋ ಪಿ.ಎಲ್.ಎ.ಗೆ ಕಡಿಮೆಯೆಂದರೂ ಒಂದೂಕಾಲು ಕಿಲೋ ಸಕ್ಕರೆ ಬೇಕು. ಮಿಕ್ಕ ಕಾಲು ಕಿಲೋ ನೀರಾಗಿ ಹೋಗುತ್ತದೆ. ಸಕ್ಕರೆಯ ಮಾತು ಬಂದಾಗ ನನಗೆ ಕಸಿವಿಸಿಯಾಯಿತು. ಪಾನಕಕ್ಕೆ ಹಾಕಿದ ಬೆಲ್ಲ ಸಾಲದೆಂದು ಲೋಟಕ್ಕೂ ಸಕ್ಕರೆಯನ್ನು ಸುರಿದಿದ್ದೆನಲ್ಲ!

ಗಿಡಮರಗಳಿಂದ ಪ್ಲಾಸ್ಟಿಕ್ ಎಂಬುದು ಹೊಸ ಕಾಲದ ಮಾತೆಂದು ನಾನು ತಿಳಿದಿದ್ದೆ. ಅದೂ ತಪ್ಪು. ೧೮೬೯ರ ಸುಮಾರಿಗೆ ಅಮೆರಿಕದಲ್ಲಿ ಹಯಾಟ್ ಎಂಬಾತ ಬಿಲಿಯರ್ಡ್ಸ್ ಚೆಂಡುಗಳಿಗೆ ಆನೆಯ ದಂತದ ಬದಲು ಬೇರೇನಾದರೂ ಸಿಕ್ಕೀತೇ ಎಂದು ಹುಡುಕುತ್ತ ಹೊರಟು ಹತ್ತಿಯ ನಾರಿನಿಂದಲೇ ಸೆಲ್ಯುಲಾಯ್ಡನ್ನು ರೂಢಿಗೆ ತಂದ. ನಮ್ಮಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ಅರಗು ಇತ್ತು. ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪು ಅದೇ. ಹಳೆಯ ಗ್ರಾಮಫೋನು ತಟ್ಟೆಗಳಲ್ಲಿಯೂ ಅದೇ. ಅರಗಿನ ಹುಳು ಕೂರುವ ಮರಗಳಲ್ಲಿ ಮುಖ್ಯವಾದದ್ದು ಮುತ್ತುಗ. ನಾವು ಊಟ ಮಾಡಿದ ಎಲೆಯ ಮರವೇ! ನೈಲಾನು, ಪಾಲಿಥೀನು ಎಲ್ಲ ಆಮೇಲಿನವು. ಕಲ್ಲೆಣ್ಣೆ ಅಗ್ಗವಾಗಿ ಸಿಕ್ಕಿತು, ಹೊಲಗಾಡಿನ ಪ್ಲಾಸ್ಟಿಕ್ಕು ಹಿಂದೆ ಸರಿಯಿತು, ಅಷ್ಟೆ.

ಮಿತ್ರರು ಇನ್ನೊಂದು ಮಾತು ಹೇಳಿದರು. ಅದು ನನ್ನನ್ನು ಇಂದಿಗೂ ಚುಚ್ಚುತ್ತಿದೆ. ಗಿಡದಿಂದ ಹುಟ್ಟಿದುದೆಲ್ಲ ಕೊಳೆಯಬೇಕೆಂದಿಲ್ಲ. ಕಲ್ಲೆಣ್ಣೆಯಿಂದ ಹುಟ್ಟಿದುದೆಲ್ಲ ಉಳಿಯಬೇಕೆಂದೂ ಇಲ್ಲ. ಬ್ರೆಜಿಲಿನಲ್ಲಿ ೨೦೧೦ರಿಂದ ಕಬ್ಬಿನ ಆಲ್ಕೊಹಾಲಿನಿಂದ ಪಾಲಿಥೀನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದಾರೆ. ಅದು ಎಣ್ಣೆಯ ಪಾಲಿಥೀನಿನಷ್ಟೇ ಚಿರಂಜೀವಿ. ಅತ್ತ ಪಿ.ಬಿ.ಎ.ಟಿ. ಎಂಬುದೊಂದು ಸಾಮಾನ್ಯವಾಗಿ ಎಣ್ಣೆಯಿಂದಲೇ ಆದದ್ದು. ಆದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಹುಟ್ಟು ಬೇರೆ, ಸಾವು ಬೇರೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ವಚನಗಳನ್ನು ಪಾಠ ಹೇಳುತ್ತ, ಹುಟ್ಟಿನಿಂದ ಗುಣವನ್ನು ಅಳೆಯಬಾರದೆಂದು ಮಕ್ಕಳಿಗೆ ಬೋಧಿಸಿದವನು ನಾನು. ಲೋಟದ ವಿಷಯ ಬಂದಾಗ ಹುಟ್ಟನ್ನೇ ನೆಚ್ಚಿಕೊಂಡೆ!

ಸರಿ, ಪಿ.ಎಲ್.ಎ. ಕೊಳೆಯುತ್ತದೆಯೋ ಇಲ್ಲವೋ? ಕೊಳೆಯುತ್ತದೆ. ಆದರೆ ಅದಕ್ಕೆ ಮೊದಲು ನೀರು ಒಳಕ್ಕೆ ನುಗ್ಗಿ ಸರವನ್ನು ಚೂರುಚೂರಾಗಿ ಕಡಿಯಬೇಕು. ಆಮೇಲೆ ಸೂಕ್ಷ್ಮಜೀವಿಗಳು ಆ ಚೂರುಗಳನ್ನು ತಿನ್ನಬೇಕು. ಸುಮಾರು ೬೦ ಡಿಗ್ರಿ ಶಾಖದ ಕೆಳಗೆ ಈ ಸರ ಬಿಗಿದುಕೊಂಡು ಗಾಜಿನಂತೆ ಇರುತ್ತದೆ. ನೀರಿಗೆ ಹಾದಿ ಬಿಡುವುದಿಲ್ಲ. ೬೦ ಡಿಗ್ರಿ ಮುಟ್ಟಿದರೆ ಮೆತ್ತಗಾಗುತ್ತದೆ. ಭಾವನವರ ಪಂಚೆಯ ಕಥೆ ಅದೇ. ಇಂಥ ಸಾಮಾನುಗಳಿಗೆ ಗೊಬ್ಬರವಾಗಬಲ್ಲದೆಂಬ ಪ್ರಮಾಣಪತ್ರ ಕೊಡುವ ಮೊದಲು ಪರೀಕ್ಷೆ ಮಾಡುವುದೂ ಸುಮಾರು ೫೮ ಡಿಗ್ರಿಯ ಬಿಸಿಯಲ್ಲಿ. ಅಲ್ಲಿ ೧೮೦ ದಿನಗಳೊಳಗೆ ಅದರ ಇಂಗಾಲದಲ್ಲಿ ನೂರಕ್ಕೆ ೯೦ರಷ್ಟು ಅನಿಲವಾಗಿ ಹೋಗಬೇಕು. ದೊಡ್ಡ ಗೊಬ್ಬರದ ಕಾರ್ಖಾನೆಗಳಲ್ಲಿ, ಆಳೆತ್ತರದ ರಾಶಿಯ ಹೊಟ್ಟೆಯೊಳಗೆ, ಅಷ್ಟು ಬಿಸಿ ತಾನಾಗಿಯೇ ಏಳುತ್ತದೆ. ನಮ್ಮ ಹಿತ್ತಿಲಿನ ಒಂದು ಮೊಳದ ಗುಂಡಿಯಲ್ಲಿ ಏಳುವುದಿಲ್ಲ. ಚರಂಡಿಯಲ್ಲಿ ಏಳುವುದಿಲ್ಲ. ಕೆರೆಯಲ್ಲಾಗಲಿ ಸಮುದ್ರದಲ್ಲಾಗಲಿ ಏಳುವುದಿಲ್ಲ.

"ಹಾಗಾದರೆ ಲೋಟದ ಮೇಲೆ ಬರೆದದ್ದು ಸುಳ್ಳೇ?" ಎಂದೆ.

ಮಿತ್ರರು ಲೋಟವನ್ನು ತಲೆಕೆಳಗು ಮಾಡಿ ತಳವನ್ನು ತೋರಿಸಿದರು. ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಲ್ಲೊಂದು ಸಾಲು ಇತ್ತು. ನನ್ನ ಕನ್ನಡಕಕ್ಕೆ ಅದು ನಿಲುಕಲಿಲ್ಲ, ಅವರೇ ಓದಿದರು. ಕಾರ್ಖಾನೆಯ ಗೊಬ್ಬರದ ರಾಶಿಯಲ್ಲಿ ಮಾತ್ರ ಎಂದಿತ್ತು.

ಕುರುಕ್ಷೇತ್ರದಲ್ಲಿ ಧರ್ಮರಾಯ ಆಡಿದ ಮಾತು ನೆನಪಾಗದಿರಲು ಹೇಗೆ ಸಾಧ್ಯ? ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿ ಹೇಳಿದ. ಸತ್ತದ್ದು ಆನೆಯೆಂಬುದನ್ನು ದನಿ ತಗ್ಗಿಸಿ ಹೇಳಿದ. ಆತ ಸುಳ್ಳು ಹೇಳಲಿಲ್ಲ. ಆದರೂ ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆಯೇ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕಿಳಿಯಿತೆಂದು ಕಥೆ ಹೇಳುತ್ತದೆ. ಈ ಪ್ರಸಂಗವನ್ನು ಪಾಠ ಮಾಡುವಾಗಲೆಲ್ಲ ನಾನು ಧರ್ಮರಾಯನ ಪರವಾಗಿ ಸ್ವಲ್ಪ ವಾದಿಸುತ್ತಿದ್ದೆ. ಮಾತಿನಲ್ಲಿ ತಪ್ಪಿಲ್ಲ, ಕೇಳಿಸಿಕೊಂಡವರ ಕಿವಿಯಲ್ಲಿ ತಪ್ಪು ಎನ್ನುತ್ತಿದ್ದೆ. ಈಗ ಹಾಗೆ ಅನ್ನಲಾರೆ. ಕೇಳುವವನ ಕಿವಿಗೆ ಯಾವ ಭಾಗ ಮುಟ್ಟುವುದು, ಯಾವ ಭಾಗ ಮುಟ್ಟದು ಎಂಬುದನ್ನು ಹೇಳುವವನು ಬಲ್ಲನಾದರೆ, ಆ ತಿಳಿವಳಿಕೆಯೂ ಅವನ ಮಾತಿನ ಒಂದು ಭಾಗವೇ. ಲೋಟ ಮಾಡಿದವರ ವಿಷಯ ಅವರಿಗೆ ಬಿಟ್ಟದ್ದು. ನಾನಂತೂ ತಳದ ಸಾಲನ್ನು ಓದಿಯೇ ಇರಲಿಲ್ಲ. ಓದದೆ ನೂರಿಪ್ಪತ್ತು ಜನಕ್ಕೆ ಶಂಖ ಊದಿದ್ದೆ.

ಓದದೆ ಇದ್ದುದಕ್ಕೆ ಕಾರಣವೂ ಇದೆ. ಓದಲು ನನಗೆ ಇಷ್ಟವಿರಲಿಲ್ಲ. ಮಾಮೂಲು ಪ್ಲಾಸ್ಟಿಕ್ ಲೋಟವನ್ನು ಎಸೆಯುವಾಗ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇರುತ್ತದೆ. ಎಸೆಯುತ್ತೇವೆ, ಆದರೂ ಅಳುಕುತ್ತೇವೆ. ಎರಡರಷ್ಟು ಬೆಲೆ ಕೊಟ್ಟು ನಾನು ಆ ಅಳುಕನ್ನು ಕಳೆದುಕೊಂಡಿದ್ದೆ. ಅಳುಕು ಹೋದದ್ದರಿಂದ ಕೈ ಧಾರಾಳವಾಯಿತು. ಐವತ್ತು ಸ್ಟೀಲು ಲೋಟಗಳನ್ನು ಎರಡು ಸಲ ತೊಳೆದು ಕೊಟ್ಟಿದ್ದರೆ ಸಾಕಾಗುತ್ತಿದ್ದ ಕಡೆ ನೂರಿಪ್ಪತ್ತನ್ನು ಎಸೆದೆವು. ಕೆಲವರಂತೂ ನೀರಿಗೊಂದು ಪಾನಕಕ್ಕೊಂದು ತೆಗೆದುಕೊಳ್ಳಲು ಹೊರಟಾಗ, ಪರವಾಗಿಲ್ಲ, ಇದು ಮಣ್ಣಾಗುವಂಥದ್ದು ಎಂದು ನಾನೇ ಹುರಿದುಂಬಿಸಿದೆ.

ಸಮಾರಂಭದ ಮರುದಿನ ಬೆಳಿಗ್ಗೆ ಕಸದ ಗಾಡಿ ಬಂತು. ಅದರ ಜೊತೆ ಬರುವ ಹೆಂಗಸು ಒಂದು ಲೋಟವನ್ನು ಎತ್ತಿ ಹಿಡಿದು, "ಸಾರ್, ಇದು ಹಸಿ ಕಸಾನಾ, ಒಣ ಕಸಾನಾ?" ಎಂದು ಕೇಳಿದಳು.

"ಹಸಿ ಕಸಾನೇ ಅಮ್ಮಾ. ಇದು ಗಿಡದಿಂದ ಮಾಡಿದ್ದು, ಮಣ್ಣಾಗತ್ತೆ."

ಆಕೆ ಲೋಟವನ್ನು ಬೆರಳಿನಿಂದ ತಟ್ಟಿ ನೋಡಿದಳು. "ಮುಟ್ಟಿದ್ರೆ ಪ್ಲಾಸ್ಟಿಕ್ ಇದ್ದಂಗೈತೆ ಸಾರ್," ಎಂದು ಹೇಳಿ ಒಣ ಕಸದ ಚೀಲಕ್ಕೆ ಹಾಕಿದಳು. ಎರಡು ದಿನ ಬಿಟ್ಟು ಬಂದಾಗ, ಗುಜರಿಯವನು ಅದನ್ನು ಬೇರೆ ತೆಗೆದು ಹಿಂದಕ್ಕೆ ಕೊಟ್ಟನೆಂದು ಹೇಳಿದಳು. ಅವನು ಮಾಡಿದ್ದು ಸರಿಯೇ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನೊಡನೆ ಪಿ.ಎಲ್.ಎ. ಸ್ವಲ್ಪ ಬೆರೆತರೂ ಕರಗಿಸಿ ಮರುಬಳಕೆ ಮಾಡುವಾಗ ಅದು ಇಡೀ ಮಾಲನ್ನು ಕೆಡಿಸುತ್ತದೆ. ಹಸಿಯವರು ಪ್ಲಾಸ್ಟಿಕ್ಕೆಂದು ನೂಕುತ್ತಾರೆ. ಒಣದವರು ಪ್ಲಾಸ್ಟಿಕ್ಕಲ್ಲವೆಂದು ನೂಕುತ್ತಾರೆ. ತ್ರಿಶಂಕುವಿಗಾದರೂ ವಿಶ್ವಾಮಿತ್ರ ಒಂದು ಸ್ವರ್ಗ ಕಟ್ಟಿಕೊಟ್ಟ. ಆ ನೂರು ಲೋಟಗಳಿಗೆ ಎಲ್ಲಿ ಜಾಗ ಸಿಕ್ಕಿತೋ ನಾನು ವಿಚಾರಿಸಲಿಲ್ಲ. ಅಂಗಳದಲ್ಲಿ ಉಳಿದಿದ್ದ ಹದಿನೇಳನ್ನು ಹಿತ್ತಿಲಲ್ಲಿ ಹೂತೆ.

ಎಲ್ಲಿ ಜಾಗ ಸಿಕ್ಕಿತು ಎಂದು ವಿಚಾರಿಸದೆ ಇರುವುದು ನನಗೆ ಒಪ್ಪುವಂಥದ್ದಲ್ಲ. ಏಕೆಂದರೆ ನಾನು ಹುಟ್ಟಿ ಬೆಳೆದದ್ದು ಇಲ್ಲಿಂದ ಕೂಗಳತೆ ಎನ್ನಬಹುದಾದ ಕೆ.ಜಿ.ಎಫ್.ನಲ್ಲಿ. ನಮ್ಮ ತಂದೆ ಅಲ್ಲಿನ ಅದಿರು ಅರೆಯುವ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದು, ಗಣಿ ಮುಚ್ಚುವ ಮೊದಲೇ ನಿವೃತ್ತರಾದರು. ಬಾಲ್ಯದಲ್ಲಿ ನಮ್ಮ ಮನೆಯ ಕಿಟಕಿ ತೆರೆದರೆ ಕಾಣುತ್ತಿದ್ದುದು ಬೂದುಬಿಳುಪಿನ, ನೆತ್ತಿ ಚಪ್ಪಟೆಯಾದ ಒಂದು ಬೆಟ್ಟ. ಅದು ದೇವರು ಮಾಡಿದ ಬೆಟ್ಟವಲ್ಲವೆಂದು ತಿಳಿಯುವ ಹೊತ್ತಿಗೆ ನನಗೆ ಏಳೆಂಟು ವರ್ಷವಾಗಿತ್ತು. ಊರಿನವರು ಅದಕ್ಕೆ ಸೈನೈಡ್ ದಿಬ್ಬ ಎನ್ನುತ್ತಾರೆ. ಈಚೆಗೆ ೨೦೧೮ರ ಸಿನಿಮಾದಿಂದಾಗಿ ದೂರದವರೂ ಅದನ್ನು ತೆರೆಯ ಮೇಲೆ ನೋಡಿದ್ದಾರೆ. ಅಲ್ಲಿ ಅದು ಬಹಳ ಭವ್ಯವಾಗಿ ಕಾಣುತ್ತದೆ.

ಚಿನ್ನ ಯಾವ ನೀರಿಗೂ ಕರಗದು, ತುಕ್ಕು ಹಿಡಿಯದು. ಅದಕ್ಕೆಂದೇ ತಾಳಿಗೆ, ಕಿರೀಟಕ್ಕೆ ಅದು. ಆದರೆ ಸೈನೈಡ್ ಬೆರೆತ ನೀರಿಗೆ ಕರಗುತ್ತದೆ. ಕಲ್ಲನ್ನು ಹಿಟ್ಟು ಮಾಡಿ, ಆ ನೀರಿನಲ್ಲಿ ನೆನೆಸಿ, ಕರಗಿದ ಚಿನ್ನವನ್ನು ಸತುವಿನಿಂದ ಹಿಂದಕ್ಕೆ ಪಡೆದು, ಉಳಿದ ಹಿಟ್ಟನ್ನು ಪಕ್ಕಕ್ಕೆ ಸುರಿಯುವುದು ಪದ್ಧತಿ. ಜಾನ್ ಟೇಲರ್ ಕಂಪೆನಿ ಬಂದ ೧೮೮೦ರಿಂದ ಗಣಿ ಮುಚ್ಚಿದ ೨೦೦೧ರ ಫೆಬ್ರವರಿಯವರೆಗೆ ಈ ನೆಲದಿಂದ ಸುಮಾರು ೮೦೦ ಟನ್ನು ಚಿನ್ನ ಹೋಯಿತು. ಪಕ್ಕಕ್ಕೆ ಸುರಿದದ್ದು ಮೂರು ಕೋಟಿ ಟನ್ನಿಗೂ ಮೇಲೆ. ಸೈನೈಡೇನೋ ಬಿಸಿಲಿಗೂ ಗಾಳಿಗೂ ಬಹುಮಟ್ಟಿಗೆ ಒಡೆದುಹೋಗುತ್ತದೆ. ಅಷ್ಟರ ಮಟ್ಟಿಗೆ ಅದು ನನ್ನ ಲೋಟಕ್ಕಿಂತ ಸಭ್ಯ. ಉಳಿಯುವುದು ದೂಳು. ಆಷಾಢದ ಗಾಳಿ ಎದ್ದರೆ ತುಳಸಿಕಟ್ಟೆಯ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಒಂದೇ ಸಮನಾದ ಬೂದಿ. ತಾಯಿ ದಿನಕ್ಕೆ ಮೂರು ಸಲ ಒರೆಸುತ್ತಿದ್ದರು. ಚಿನ್ನ ಎಲ್ಲಿಗೆ ಹೋಯಿತೋ ಅಲ್ಲಿಯವರು ಯಾರೂ ಈ ಬೂದಿಯನ್ನು ಒರೆಸಲಿಲ್ಲ. ತಾಯಿಯ ಕೊರಳಿನಲ್ಲಿ ಇದ್ದುದು ಎರಡು ಗುಂಡಿನ ತಾಳಿ.

"ಇದನ್ನ ಇಲ್ಲಿ ಯಾಕೆ ಹಾಕಿದಾರೆ?" ಎಂದು ನಾನೊಮ್ಮೆ ತಂದೆಯನ್ನು ಕೇಳಿದ್ದೆ. "ಮಿಲ್ಲು ಇಲ್ಲೇ ಇತ್ತಲ್ಲಪ್ಪಾ," ಎಂದರು. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಶಿವನಸಮುದ್ರದಿಂದ ೧೯೦೨ರಲ್ಲಿ ವಿದ್ಯುತ್ತನ್ನು ತರಿಸುವಷ್ಟು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಮನುಷ್ಯರನ್ನು ಇಳಿಸಿ ಮೇಲಕ್ಕೆ ತರುವಷ್ಟು ಬುದ್ಧಿ ಇದ್ದವರಿಗೆ ಉಳಿದದ್ದನ್ನು ಎಲ್ಲಿಡುವುದು ಎಂಬುದು ಪ್ರಶ್ನೆಯಾಗಿಯೇ ತೋರಲಿಲ್ಲ. ಪಕ್ಕಕ್ಕೆ ಎಂಬುದು ಅವರ ಉತ್ತರ. ಆ ಪಕ್ಕ ನಮ್ಮ ಬೀದಿ. ಈಗ ೨೦೨೪ರ ಜೂನಿನಲ್ಲಿ ಅಂಥ ಹದಿಮೂರು ದಿಬ್ಬಗಳನ್ನು ಮತ್ತೆ ಜಾಲಾಡಿ ಮಿಕ್ಕ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ತೆಗೆಯಲಿ. ತೆಗೆದ ಮೇಲೂ ಹಿಟ್ಟು ಹಿಟ್ಟಾಗಿಯೇ ಇರುತ್ತದೆ.

ಇಂಥ ಊರಿನಲ್ಲಿ ಬೆಳೆದವನು ಯಾವ ವಸ್ತುವನ್ನು ಕೊಳ್ಳುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಆ ಕಸದ ಗಾಡಿಯ ಹೆಂಗಸು ಕೇಳಿದ್ದು. ನಾನು ಅದಕ್ಕೆ ಕೊಟ್ಟ ಉತ್ತರ ವಸ್ತುವಿನ ಗುಣವನ್ನು ಹೇಳಿತು. ಆಕೆಗೆ ಬೇಕಾಗಿದ್ದುದು ಸ್ಥಳ. ಕೊಳೆಯುವುದು ಸಕ್ಕರೆಯ ಸಿಹಿಯಂತೆ ವಸ್ತುವಿನೊಳಗೇ ಇರುವ ಗುಣವೆಂದು ನಾವು ಭಾವಿಸುತ್ತೇವೆ. ಅದು ಪೂರ್ತಿ ನಿಜವಲ್ಲ. ಮುತ್ತುಗದ ಎಲೆಯೂ ಒಣಗಿದ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದೀತು. ಕೊಳೆಯಲು ತೇವ ಬೇಕು, ಹುಳು ಬೇಕು, ಹದವಾದ ಬಿಸಿ ಬೇಕು, ತಿರುವಿಹಾಕುವ ಕೈ ಬೇಕು. ನಮ್ಮ ಹಳ್ಳಿಗಳಲ್ಲಿ ಇದಕ್ಕಾಗಿ ತಿಪ್ಪೆ ಎಂಬುದೊಂದು ಇತ್ತು. ಮನೆಮನೆಗೂ ಅದರ ಜಾಗ ಗೊತ್ತಿತ್ತು. ಯುಗಾದಿಯ ಹೊತ್ತಿಗೆ ಅದು ಹೊಲಕ್ಕೆ ಹೋಗಬೇಕೆಂಬ ಕಾಲವೂ ಗೊತ್ತಿತ್ತು. ಪೇಟೆಗೆ ಬಂದ ನಾವು ತಿಪ್ಪೆ ಎಂಬ ಮಾತನ್ನು ಬೈಗುಳಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ.

ಇಷ್ಟಾಗಿಯೂ ಈ ಪ್ಲಾಸ್ಟಿಕ್ಕನ್ನು ಸಾರಾಸಗಟಾಗಿ ತಳ್ಳಿಹಾಕುವ ಅಧಿಕಾರ ನನಗಿಲ್ಲವೆಂದು ಒಬ್ಬ ವಿದ್ಯಾರ್ಥಿ ತೋರಿಸಿಕೊಟ್ಟ. ಅವನ ತಂದೆ ಬಂಗಾರಪೇಟೆಯ ಹತ್ತಿರ ಟೊಮ್ಯಾಟೊ ಬೆಳೆಯುತ್ತಾರೆ. ನಮ್ಮ ಜಿಲ್ಲೆಯ ಟೊಮ್ಯಾಟೊ ಹೊಲಗಳನ್ನು ರೈಲಿನಿಂದ ನೋಡಿದವರಿಗೆ ಗೊತ್ತು: ಸಾಲುಸಾಲಾಗಿ ಬೆಳ್ಳಿಯ ಬಣ್ಣದ ಹಾಳೆ ಹೊದಿಸಿರುತ್ತಾರೆ. ಅದಕ್ಕೆ ಮಲ್ಚಿಂಗ್ ಶೀಟು ಎನ್ನುತ್ತಾರೆ. ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ. ವರ್ಷವಿಡೀ ಹರಿಯುವ ನದಿಯೊಂದಿಲ್ಲದ, ಕೊಳವೆಬಾವಿಯ ನೀರನ್ನು ತೊಟ್ಟು ತೊಟ್ಟಾಗಿ ಬಿಡುವ ನಮ್ಮ ಸೀಮೆಯಲ್ಲಿ ಅದು ದೊಡ್ಡ ಉಪಕಾರ. ಆದರೆ ಕೂದಲಿನಷ್ಟೂ ದಪ್ಪವಿಲ್ಲದ ಆ ಪಾಲಿಥೀನನ್ನು ಬೆಳೆ ಮುಗಿದ ಮೇಲೆ ಪೂರ್ತಿಯಾಗಿ ಕಿತ್ತು ತೆಗೆಯುವುದು ಯಾರಿಂದಲೂ ಆಗದು. ಚಿಂದಿಗಳು ಮಣ್ಣಿನಲ್ಲಿ ಉಳಿಯುತ್ತವೆ. ಮುಂದಿನ ಉಳುಮೆಗೆ ಇನ್ನಷ್ಟು ಸೇರುತ್ತವೆ. "ಮಳೆ ಬಂದ್ರೆ ನಮ್ಮ ಹೊಲದಾಗೆ ನೀರು ಇಂಗೋ ಬದಲು ಹಾಳೆ ಚೂರು ತೇಲ್ತವೆ ಸಾರ್," ಎಂದ ಹುಡುಗ.

ಇಲ್ಲಿ, ಇದ್ದಲ್ಲಿಯೇ ಮಣ್ಣಾಗುವ ಹಾಳೆ ಎಂಬುದು ಶೋಕಿಯಲ್ಲ, ಅದೇ ಬೇಕಾದದ್ದು. ಅಂಥವು ಇವೆ. ಪಿಷ್ಟವನ್ನೂ ಆ ಪಿ.ಬಿ.ಎ.ಟಿ.ಯನ್ನೂ ಕಲಸಿ ಮಾಡಿದ ಹಾಳೆಗಳು ಸಾಧಾರಣ ಮಣ್ಣಿನ ಶಾಖದಲ್ಲಿಯೇ ಕೊಳೆಯುತ್ತವೆ. ಯೂರೋಪಿನಲ್ಲಿ ೨೦೧೮ರಲ್ಲಿ ಇದಕ್ಕೆಂದೇ ಒಂದು ಕಟ್ಟಳೆ ಮಾಡಿದರು. ಎರಡು ವರ್ಷದೊಳಗೆ ನೂರಕ್ಕೆ ೯೦ರಷ್ಟು ಹೋಗಬೇಕು, ಪರೀಕ್ಷೆ ೫೮ ಡಿಗ್ರಿಯ ರಾಶಿಯಲ್ಲಲ್ಲ, ಮಣ್ಣಿನಲ್ಲಿ. ಪಿ.ಎಚ್.ಬಿ. ಎಂಬ ಇನ್ನೊಂದು ಬಗೆಯನ್ನು ಬ್ಯಾಕ್ಟೀರಿಯಗಳು ನಾವು ಕೊಬ್ಬು ಕೂಡಿಡುವಂತೆ ತಮ್ಮ ಮೈಯೊಳಗೇ ಕೂಡಿಟ್ಟುಕೊಳ್ಳುತ್ತವೆ. ಫ್ರಾನ್ಸಿನ ಲೆಮ್ವಾನ್ ೧೯೨೬ರಲ್ಲಿಯೇ ಇದನ್ನು ಗುರುತಿಸಿದ್ದ. ಅದು ಮಣ್ಣಿನಲ್ಲಿಯೂ ಕೊಳೆಯುತ್ತದೆ, ಸಮುದ್ರದಲ್ಲಿಯೂ ಕೊಳೆಯುತ್ತದೆ. ಬೆಲೆ ಮಾತ್ರ ಬಡರೈತನ ಕೈಗೆ ಎಟಕುವಂಥದ್ದಲ್ಲ. ನಿಜವಾಗಿ ಬೇಕಾದವನಿಗೆ ಸಿಕ್ಕದ ಪದಾರ್ಥ, ಲೋಟ ತೊಳೆಯಲು ಸೋಮಾರಿಯಾದ ನನಗೆ ಸಿಕ್ಕಿತು. ಈ ಲೆಕ್ಕ ನನಗೆ ಹಿಡಿಸಲಿಲ್ಲ.

ಮಿತ್ರರೊಡನೆ ಇದನ್ನೆಲ್ಲ ಹೇಳಿದಾಗ ಅವರು ನನ್ನನ್ನು ತಡೆದರು. "ಒಲೆ ಇಲ್ಲದ ಮನೆಗೆ ಅಕ್ಕಿ ಕೊಂಡುಹೋಗಿ, ಅಕ್ಕಿ ಬೇಯುವುದಿಲ್ಲವೆಂದು ದೂರಿದ ಹಾಗಾಯಿತು. ಅಕ್ಕಿಯ ತಪ್ಪೇನು?" ಎಂದರು. ಮಾತು ಸರಿಯೆನ್ನಿಸಿತು. ಆದರೆ ಅಕ್ಕಿ ಕೊಟ್ಟವನು ಹಸಿದವನಿಗೆ ಅನ್ನ ಕೊಟ್ಟೆನೆಂದು ಊರಿಗೆಲ್ಲ ಸಾರಿದರೆ? ಒಲೆ ಹಚ್ಚುವ ಹೊಣೆ ಯಾರದು? ಮಾಡಿದವನದೆನ್ನಬಹುದು, ಮಾರಿದವನದೆನ್ನಬಹುದು, ಪುರಸಭೆಯದೆನ್ನಬಹುದು. ಎಲ್ಲರಿಗೂ ಒಂದಿಷ್ಟು ಪಾಲಿದೆ. ಆದರೆ ವಸ್ತುಗಳು ಒಂದು ಕಡೆ ನಿಲ್ಲುವುದಿಲ್ಲ ಎಂಬುದು ತೊಡಕು. ೨೦೨೧ರ ಆಗಸ್ಟಿನಲ್ಲಿ ತಿರುಮಲೆಯಲ್ಲಿ, ರಕ್ಷಣಾ ಸಂಶೋಧನೆಯ ಸಂಸ್ಥೆಯವರು ರೂಪಿಸಿದ ಮಣ್ಣಾಗುವ ಚೀಲಗಳ ಮಾರಾಟ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಲಡ್ಡು ತುಂಬಿದ ಚೀಲ ಬೆಟ್ಟದ ಮೇಲೆ ಉಳಿಯುತ್ತದೆಯೇ? ಭಕ್ತರ ಕೈಯಲ್ಲಿ ಬಂಗಾರಪೇಟೆಗೂ ಬರುತ್ತದೆ, ಬಳ್ಳಾರಿಗೂ ಹೋಗುತ್ತದೆ. ಪ್ರಸಾದ ಮುಗಿದ ಮೇಲೆ ಅದು ಆಯಾ ಊರಿನ ಚರಂಡಿಯ ಪಕ್ಕದಲ್ಲಿ ಒಬ್ಬಂಟಿಯಾಗಿ ನಿಂತಾಗ ಅದರ ಹೊಣೆ ಹೊರುವವನು, ಕೊನೆಗೆ, ಕೈಯಲ್ಲಿ ಹಿಡಿದು ತಂದವನೇ. ಮಣ್ಣಾಗುತ್ತದೆಂದು ಬಾಯಿಬಿಟ್ಟು ಹೇಳಿದವನಿಗಂತೂ ಜಾರಿಕೊಳ್ಳುವ ದಾರಿ ಇಲ್ಲ. ನಮ್ಮ ತಾಯಿಯ ಪ್ರಶ್ನೆಗೆ ಇಷ್ಟು ದೂರ ಸುತ್ತಿ ಬಂದ ಮೇಲೆ ನನಗೆ ಸಿಕ್ಕ ಉತ್ತರ ಇದು: ನಾನು ಹೇಳಿದ್ದು ಸುಳ್ಳಲ್ಲ, ಸಾಲ. ಇನ್ನೂ ತೀರಿಸಿಲ್ಲ.

ತೀರಿಸುವ ಸಂದರ್ಭ ತಾನಾಗಿಯೇ ಬಂತು. ಇನ್ನೂರರಲ್ಲಿ ಬಳಸದೆ ಉಳಿದ ಎಂಬತ್ತು ಲೋಟಗಳು ಅಟ್ಟದ ಮೇಲಿದ್ದುವು. ಕಾರ್ತಿಕದಲ್ಲಿ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿರುವ ನನ್ನ ತಂಗಿ ಫೋನು ಮಾಡಿ, ನಾದಿನಿಯ ಸೀಮಂತಕ್ಕೆ ಅವುಗಳನ್ನು ಕೇಳಿದಳು. "ಕೊಡ್ತೀನಮ್ಮಾ, ಆದರೆ ಕುಡಿದ ಮೇಲೆ ಒಂದೂ ಬಿಡದಂತೆ ಎಲ್ಲ ವಾಪಸು ಕೊಡಬೇಕು," ಎಂದೆ. "ಎಂಜಲು ಲೋಟ ವಾಪಸು ಯಾಕೋ ಅಣ್ಣಾ?" ಎಂದು ನಕ್ಕಳು. ಸೀಮಂತದ ಸಂಜೆ ಆ ಎಂಜಲು ಲೋಟಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಮಾರಿಕುಪ್ಪಂ ಕಡೆಯಿಂದ ಬರುವ ರೈಲಿಗೆ ಹತ್ತಿದೆ. ಎದುರಿಗೆ ಕೂತವರು ಚೀಲದಲ್ಲಿ ಏನೆಂದು ಕೇಳಿದರು. ನಿಜ ಹೇಳಿದೆ. ಅವರು ಸ್ವಲ್ಪ ದೂರ ಸರಿದು ಕೂತರು. ಅವರ ಹಿಂದೆ ಕಿಟಕಿಯಲ್ಲಿ ದಿಬ್ಬಗಳು ಹಾದುಹೋಗುತ್ತಿದ್ದುವು.

ಎಣಿಸಿದರೆ ಎಪ್ಪತ್ತೊಂದು ಇದ್ದುವು. ಒಂಬತ್ತು ಎಲ್ಲಿಯೋ ತಪ್ಪಿಸಿಕೊಂಡಿವೆ. ಎಪ್ಪತ್ತೊಂದಕ್ಕೆ ಹಿತ್ತಿಲಿನ ಹದಿನೇಳನ್ನು ಸೇರಿಸಿ, ಕಾಲೇಜಿನ ತೋಟದ ಮೂಲೆಯಲ್ಲಿ ಮಿತ್ರರೂ ನಾನೂ ನಾಲ್ಕು ಹುಡುಗರೂ ಸೇರಿ ರಾಶಿ ಹಾಕಿದೆವು. ಸಗಣಿ, ಹೊಂಗೆಯ ಸೊಪ್ಪು, ಒಣ ಹುಲ್ಲು, ಹಾಸ್ಟೆಲಿನ ತರಕಾರಿ ಸಿಪ್ಪೆ. ಎತ್ತರ ಎದೆಮಟ್ಟ. ಮೂರನೆಯ ದಿನ ಪ್ರಯೋಗಶಾಲೆಯ ಥರ್ಮಾಮೀಟರನ್ನು ಬಿದಿರಿನ ಕೋಲಿಗೆ ಕಟ್ಟಿ ಇಳಿಸಿದಾಗ ೪೬ ಡಿಗ್ರಿ. ಎಂಟನೆಯ ದಿನ ೫೭. ಹುಡುಗರು ಚಪ್ಪಾಳೆ ತಟ್ಟಿದರು. ಹದಿನೈದನೆಯ ದಿನ ಮತ್ತೆ ಇಳಿಯತೊಡಗಿತು. ತಿರುವಿಹಾಕಿ ನೀರು ಚಿಮುಕಿಸಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ವಾರಕ್ಕೆರಡು ಸಲ ತಿರುವಬೇಕು. ಬೆನ್ನು ನೋಯುತ್ತದೆ. ಐವತ್ತು ಲೋಟಗಳನ್ನು ಎರಡು ಸಲ ತೊಳೆಯುವುದು ಇದಕ್ಕಿಂತ ಎಷ್ಟೋ ಹಗುರವಾಗಿತ್ತು.

ಎರಡು ತಿಂಗಳ ಮೇಲೆ ಒಂದನ್ನು ಹೊರಕ್ಕೆ ತೆಗೆದು ನೋಡಿದೆವು. ಬಿಳಿಚಿಕೊಂಡಿತ್ತು, ಸೊಟ್ಟಗಾಗಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಪಟ್ಟನೆ ಮುರಿಯಿತು. ಹಸುರು ಎಲೆಯ ಚಿತ್ರ ಎರಡು ತುಂಡಾಯಿತು. ಒಂದು ತುಂಡನ್ನು ತಾಯಿಗೆ ತೋರಿಸಲೆಂದು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಇನ್ನೂ ಮಣ್ಣಾಗಿಲ್ಲ," ಎಂದರು. "ಇನ್ನೆಷ್ಟು ದಿನ ತಿರುವಬೇಕಂತೆ?"

ಇನ್ನು ನಾಲ್ಕು ತಿಂಗಳು ಎಂದೆ.